ಅಂಚಿನ ಸುತ್ತು

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಬನಶಂಕರಿಯ ಕಾಲೇಜೊಂದರ ಲ್ಯಾಬಿನಿಂದ ಶುರು ಮಾಡಿದರೆ ಧೂಳು. ಜಯನಗರದ ದರ್ಶಿನಿಯಿಂದ ಶುರು ಮಾಡಿದರೆ ವಡೆಯ ವಾಸನೆಗೆ ನೀವು ಕಥೆ ಬಿಟ್ಟು ಎದ್ದು ಹೋಗುತ್ತೀರಿ. ವಿಜ್ಞಾನದಿಂದ ಶುರು ಮಾಡಿದರೆ ಎದ್ದು ಹೋಗಲು ವಡೆಯೂ ಬೇಕಿಲ್ಲ.

1

ಮೈತ್ರೇಯಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

(ಹೊಡೆದುಹಾಕಿದೆ. ಅವಳೇ ತಕರಾರು ತೆಗೆದಳು: "ಸಾರ್, ನಾನೆಲ್ಲಿ ಅತ್ತೆ? ಕಂಪ್ಯೂಟರ್ ನೋಡಿ ನೋಡಿ ಕಣ್ಣುರೀತಿತ್ತು ಅಷ್ಟೇ. ಹುಡುಗಿ ಸಿಕ್ಕಿದ ತಕ್ಷಣ ಅಳಿಸ್ಬೇಡಿ.")

1, ಮತ್ತೊಮ್ಮೆ

ಇಸವಿ ಎರಡು ಸಾವಿರದ ಮೂರು. ಮೈತ್ರೇಯಿಗೆ ಕಣ್ಣುರಿಯುತ್ತಿತ್ತು. ಅವಳ ಪಿಎಚ್.ಡಿ. ಗೈಡ್ ಚಕ್ರಪಾಣಿಯವರು ಒಂದು ಸೂಪರ್‌ಕಂಡಕ್ಟರ್ ಕಾಯಿಲ್ ಸುತ್ತಿದ್ದರು. (ಸೂಪರ್‌ಕಂಡಕ್ಟರ್ ಎಂದರೆ ಐನೂರರ ನೋಟು ಕೊಟ್ಟರೂ ಗೊಣಗದ ಬಸ್ ಕಂಡಕ್ಟರ್ ಅಲ್ಲ. ಆದರೆ ಹತ್ತಿರ ಹತ್ತಿರ ಅದೇ: ವಿಪರೀತ ತಣ್ಣಗಿಟ್ಟರೆ ಕರೆಂಟಿಗೆ ಚೂರೂ ಅಡ್ಡಿ ಮಾಡದೆ ಬಿಟ್ಟುಕೊಡುವ ವಸ್ತು.) ಬೆಳ್ಳಿ ಹೊದಿಸಿದ ತೆಳ್ಳನೆಯ ಪಟ್ಟಿ, ವಿದೇಶದಿಂದ ತರಿಸಿದ್ದು, ಇರುವುದು ಅದೊಂದೇ. ಆ ಕಾಯಿಲ್ ಎಷ್ಟು ಕರೆಂಟು ತಾಳೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿ ಮೊದಲೇ ಹೇಳುವುದು ಮೈತ್ರೇಯಿಯ ಕೆಲಸ. ಹೋದ ತಿಂಗಳು ಅವಳು, ನೂರು ಆಂಪಿಯರ್, ಎಂದಿದ್ದಳು.

ಈಗ ಪರದೆಯ ಮೇಲೆ ನಲವತ್ತು ಎಂದಿತ್ತು.

2

ತಪ್ಪು ಎಲ್ಲಾಯಿತು? ಹೋದ ತಿಂಗಳು ಅವಳು ಸುತ್ತುಗಳನ್ನು ಒಂದೊಂದಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಹಾಗೆ ಮಾಡಿದರೆ ಲ್ಯಾಬಿನ ಕಂಪ್ಯೂಟರ್ ವಾರಗಟ್ಟಲೆ ಏದುಸಿರು ಬಿಡುತ್ತದೆ. ಎಲ್ಲವನ್ನೂ ಒಂದೇ ಮುದ್ದೆ ಎಂದುಕೊಂಡು ಸರಾಸರಿ ಹಾಕಿದ್ದಳು. ತರಗತಿಯ ಸರಾಸರಿ ನೋಡಿ ಎಲ್ಲರೂ ಪಾಸು ಎಂದ ಹಾಗೆ. ಕರೆಂಟು ಹರಿದಾಗ ಕಾಯಿಲ್ ತನ್ನ ಸುತ್ತ ತಾನೇ ಕಾಂತಕ್ಷೇತ್ರ ಹುಟ್ಟಿಸಿಕೊಳ್ಳುತ್ತದೆ. ಮೇಲಿನ, ಕೆಳಗಿನ ಅಂಚಿನ ಸುತ್ತುಗಳಿಗೆ ಅದು ನೇರ ಎದೆಗೇ ಬಡಿಯುತ್ತದೆ. ಆಗ ಅಲ್ಲಿನ ಪಟ್ಟಿ ಕರೆಂಟಿಗೆ ಅಡ್ಡಿ ಮಾಡಲು ಶುರು ಮಾಡಿ ಬಿಸಿಯಾಗುತ್ತದೆ. ನಡುವಿನವರು ಆರಾಮ; ಅಂಚಿನವರು ಸುಟ್ಟುಹೋಗುತ್ತಾರೆ.

(ಇಲ್ಲಿ ಸಮಾಜವನ್ನು ಎಳೆದು ತರುವ ಚಪಲ ನನಗೆ ಬಂದದ್ದು ನಿಜ. ತಡೆದುಕೊಂಡೆ. ಶಹಬ್ಬಾಸ್ ನಾನು.)

ಲೆಕ್ಕವೇ ತಪ್ಪಿರಲಿ ಎಂಬ ಆಸೆಯಿಂದ ಅವಳು ಮತ್ತೆ ಮತ್ತೆ ಓಡಿಸಿದಳು. ಪ್ರತಿ ಸಲವೂ ಪರದೆಯ ಚಿತ್ರದಲ್ಲಿ ಅದೇ ಅಂಚಿನ ಸಾಲು ಕೆಂಪಾಯಿತು.

4

(ಮೂರನೆಯದರಲ್ಲಿ ಅವಳು ಬಸ್ಸಿಗೆ ಕಾಯುತ್ತಾಳೆ. ಕಾಯುವುದನ್ನು ನೀವು ಬೇಕಾದಷ್ಟು ಮಾಡಿದ್ದೀರಿ.)

ಚಕ್ರಪಾಣಿಯವರು ಆ ತಿಂಗಳ ಕೊನೆಗೆ ನಿವೃತ್ತರಾಗುವವರು. ಅವರ ಹೆಂಡತಿ ಸೀತಮ್ಮನವರ ಪ್ರಕಾರ ಅವರು ಸುತ್ತಿದ್ದು ಕಾಯಿಲ್ ಅಲ್ಲ, ಕಾಯಿಲೆ. ಸೋಮವಾರ ದೆಹಲಿಯ ಸಮಿತಿ ಪರೀಕ್ಷೆ ನೋಡಲು ಬರುವುದಿತ್ತು. ಅದಕ್ಕೆ ಮುಂಚೆ ಮೈತ್ರೇಯಿ ಚಕ್ರಪಾಣಿಯವರನ್ನು ಹಿಡಿದದ್ದು ಜಯನಗರದ ದರ್ಶಿನಿಯ ನಿಂತು ತಿನ್ನುವ ಮೇಜಿನ ಬಳಿ.

"ಸರ್, ನೂರು ಆಗಲ್ಲ. ನಲವತ್ತು ದಾಟಿದ್ರೆ ಅಂಚು ಸುಟ್ಟೋಗುತ್ತೆ."

"ಯಾರು ಹೇಳಿದ್ದು?" (ಮೂಗಿನಲ್ಲಿ ಓದಿಕೊಳ್ಳಿ. ಅವರಿಗೆ ಸದಾ ನೆಗಡಿ. ನಾನು ಈ ದನಿಯನ್ನು ಸಖತ್ತಾಗಿ ಮಾಡುತ್ತೇನೆ, ಕಾಗದದ ಮೇಲೆ ಕೇಳಿಸುವುದಿಲ್ಲ.)

"ನನ್ ಮಾಡೆಲ್ಲು."

"ಹೋದ್ ತಿಂಗ್ಳು ನೂರು ಅಂದಿದ್ದು ಯಾರ್ ಮಾಡೆಲ್ಲಮ್ಮ? ಪಕ್ಕದ್ ಮನೆಯವರದಾ?"

"ಅದೂ ನಂದೇ ಸರ್. ಆಗ ಎಲ್ಲಾ ಸೇರಿಸಿ ಒಂದೇ ಮುದ್ದೆ ಮಾಡಿದ್ದೆ."

"ಮುದ್ದೇನೇ ಚೆನ್ನಾಗಿತ್ತು. ಜೀರ್ಣ ಆಗ್ತಿತ್ತು."

ಅವರೊಬ್ಬರೇ ನಕ್ಕರು. ಆಮೇಲೆ ಅವರೂ ನಗಲಿಲ್ಲ.

"ನಲವತ್ತಕ್ಕೆ ನಿಲ್ಲಿಸಿದ್ರೆ?"

"ಕಾಯಿಲ್ ಉಳಿಯುತ್ತೆ ಸರ್."

"ಲ್ಯಾಬ್ ಉಳಿಯಲ್ಲ. ನೂರು ತೋರ್ಸಿದ್ರೆ ಇನ್ನೆರಡು ವರ್ಷ ದುಡ್ಡು ಕೊಡ್ತಾರೆ. ಇಲ್ದಿದ್ರೆ ಅಲ್ಲಿ ಕಂಪ್ಯೂಟರ್ ಟ್ರೈನಿಂಗ್ ಕ್ಲಾಸಂತೆ. ಪ್ರಿನ್ಸಿಪಾಲ್ರು ಆಗ್ಲೇ ಕುರ್ಚಿ ನೋಡ್ಕೊಂಡ್ ಬಂದಿದ್ದಾರೆ."

"ಸುಟ್ಟೋದ್ರೂ ಉಳಿಯಲ್ವಲ್ಲ ಸರ್."

ಅವರು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹೋದ್ ತಿಂಗಳ ಚಿತ್ರಾನೇ ಅವ್ರಿಗೆ ತೋರ್ಸು. ನಿನ್ ಲೆಕ್ಕ ತಪ್ಪಿರಬೋದು. ತಪ್ಪಿರ್ಲಿ ಅಂತ ನಿಂಗೂ ಆಸೆ ಇಲ್ವೇನಮ್ಮ?"

ಇತ್ತು. ಅದೇ ತೊಂದರೆ.

5: ಅಂತ್ಯಗಳು, ಬೇಕಾದ್ದನ್ನು ಆರಿಸಿಕೊಳ್ಳಿ

ಒಂದು. ಮಾಡೆಲ್ ತಪ್ಪು, ಕಾಯಿಲ್ ನೂರು ದಾಟುತ್ತದೆ, ಚಪ್ಪಾಳೆ, ಮೈಸೂರ್ ಪಾಕ್. (ಬರೆದು ನೋಡಿದೆ. ನನ್ನ ವಾಕ್ಯದ ಅಂಚೇ ಕೆಂಪಾಯಿತು.)

ಎರಡು. ನಲವತ್ತಕ್ಕೆ ಬರುವ ಹೊತ್ತಿಗೆ ಸರಿಯಾಗಿ ಪವರ್ ಕಟ್. ಬೆಂಗಳೂರಿನಲ್ಲಿ ದೇವರು ಬರುವುದೇ ಹಾಗೆ.

"ಕರೆಂಟ್ ವಾಪಸ್ ಬರುತ್ತೆ ಸಾರ್," ಎಂದಳು ಮೈತ್ರೇಯಿ. "ಆಮೇಲೆ?"

ಮೂರು. ಅವಳು ಸಮಿತಿಯ ಮುಂದೆ ಎದ್ದು ನಿಂತು ಸತ್ಯ ಹೇಳಿಬಿಡುತ್ತಾಳೆ. ಕಾಯಿಲ್ ಉಳಿಯುತ್ತದೆ. ಇದು ನನಗೆ ಇಷ್ಟವಾಗಿತ್ತು.

"ನಾನು ಹೇಳಿದ ಮೇಲೆ ಸರ್ ಮುಖ ಹೇಗಿತ್ತು ಅಂತ ಯಾಕೆ ಬರ್ದಿಲ್ಲ?"

"ಬರೆಯೋಕಾಗ್ಲಿಲ್ಲಮ್ಮ," ಎಂದೆ.

"ನಿಮಗೆ ಬರೆಯೋಕೇ ಆಗಲ್ಲ. ನನಗೆ ಮಾತ್ರ ನಿಂತ್ಕೊಂಡು ಅದನ್ನ ನೋಡು ಅಂತೀರ."

6

ಸೋಮವಾರ. ಚಕ್ರಪಾಣಿಯವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಮೈತ್ರೇಯಿ ಸಮಿತಿಗೆ ಹಳೆಯ ಚಿತ್ರ ತೋರಿಸಿದಳು. ಎಲ್ಲೂ ಕೆಂಪಿಲ್ಲ, ಪೂರ್ತಿ ನೀಲಿ. "ವೆರಿ ನೈಸ್," ಎಂದರು ಒಬ್ಬರು. ಥರ್ಮೋಕೋಲ್ ಡಬ್ಬಿಯಲ್ಲಿ ಕಾಯಿಲ್ ಮುಳುಗುವಷ್ಟು ದ್ರವ ನೈಟ್ರೋಜನ್ ಸುರಿದರು. ಕುದಿಯಿತು, ಹೊಗೆಯಾಡಿತು, ಸುಮ್ಮನಾಯಿತು.

"ನಾಬ್ ನೀನೇ ತಿರುಗ್ಸಮ್ಮ," ಎಂದರು ಚಕ್ರಪಾಣಿ. "ನಾನು ಕಾಯಿಲ್ ನೋಡ್ತಿರ್ತೀನಿ."

ಹತ್ತು. ಇಪ್ಪತ್ತು. ಅವಳು ಮೀಟರಿನ ಮುಳ್ಳನ್ನು ಮಾತ್ರ ನೋಡುತ್ತಿದ್ದಳು. ಮೂವತ್ತು. ಯಾರೋ ಕೆಮ್ಮಿದರು. ನಲವತ್ತು.

ಕೈ ನಿಂತಿತು.

"ಮುಂದೆ," ಎಂದರು ಚಕ್ರಪಾಣಿ. ಸಮಿತಿಗೆ ಕೇಳಿಸದಷ್ಟು ಮೆಲ್ಲಗೆ ಮತ್ತೊಮ್ಮೆ ಹೇಳಿದರು. ಆ ದನಿ ಮೂಗಿನದಾಗಿರಲಿಲ್ಲ. ನನಗೆ ಅದನ್ನು ಅನುಕರಿಸಲು ಬರುವುದಿಲ್ಲ. "ಮುಂದೆ ಹೋಗಮ್ಮ. ಒಂದ್ಸಲ ನೋಡ್ಬಿಡ್ತೀನಿ."

ಆಗ ಅವರಿಗೂ ಗೊತ್ತಿತ್ತು ಎಂದು ಅವಳಿಗೆ ತಿಳಿಯಿತು. ದರ್ಶಿನಿಯಲ್ಲೇ ಗೊತ್ತಿತ್ತು. ಅವರಿಗೆ ಬೇಕಿದ್ದದ್ದು ಎರಡು ವರ್ಷವಲ್ಲ. ಸುಡುವ ಮುಂಚೆ ತಮ್ಮ ಕಾಯಿಲ್ ಮುಳ್ಳನ್ನು ನಲವತ್ತರಾಚೆ ಒಯ್ಯುವ ಒಂದು ಕ್ಷಣ.

ಅವಳು ತಿರುಗಿ ನೋಡಿದ್ದು ಅವರನ್ನಲ್ಲ, ನನ್ನನ್ನು. "ಸಾರ್, ಏನಾದ್ರೂ ಮಾಡಿ. ಆ ಪವರ್ ಕಟ್ಟೇ ಬರೀರಿ, ಪರ್ವಾಗಿಲ್ಲ."

ಬರೆಯಬಹುದಿತ್ತು. ನೀವು ನಂಬುತ್ತಿರಲಿಲ್ಲ, ಅವಳೂ ನಂಬುತ್ತಿರಲಿಲ್ಲ. ನನಗೆ ಉಳಿದಿದ್ದ ಒಂದೇ ಮರ್ಯಾದಸ್ತ ಕೆಲಸ ಮಾಡಿದೆ: ಇಲ್ಲಿಗೆ ನಿಲ್ಲಿಸುತ್ತೇನೆ ಎಂದು ಪೆನ್ನು ಕೆಳಗಿಟ್ಟೆ.

"ನೀವು ಇಡ್ಬೋದು ಸಾರ್," ಎಂದಳು ಮೈತ್ರೇಯಿ. "ನನ್ ಕೈ ಇನ್ನೂ ನಾಬ್ ಮೇಲಿದೆ."