ನೀಲಿ ಪೆನ್ಸಿಲು ಬಿಟ್ಟ ಹೆಸರು

ಡಾಕ್ಟರ್ ಮೊರ್ಗಾದು ಮೀನಿನ ವಡೆ ಮೆಲ್ಲುತ್ತಲೇ ಆ ಕಾಗದ ಗಟ್ಟಿಯಾಗಿ ಓದಿದ. ಕಾನೂನು ಓದಿ ಡಾಕ್ಟರನಾದ ಈ ಮಹಾಶಯ ಲಿಸ್ಬನ್ನಿನ ಒಂದು ಓಣಿಯಲ್ಲಿ ವಾರಪತ್ರಿಕೆ ನಡೆಸುತ್ತಿದ್ದ. ಯುದ್ಧ ಮುಗಿದು ಎರಡು ವರ್ಷವಾಗಿದ್ದರೂ ಅವನ ಪತ್ರಿಕೆಯಲ್ಲಿ ಹಿಟ್ಲರನ ಕಡೆಯವರು ಇನ್ನೂ ಸೋತಿರಲಿಲ್ಲ, ಮೋಸಹೋಗಿದ್ದರು ಅಷ್ಟೆ. ಜರ್ಮನ್ ಸೆರೆಶಿಬಿರಗಳ ಹೆಣಗಳ ರಾಶಿಯ ಫೋಟೋಗಳೆಲ್ಲ ಸಿನಿಮಾದವರು ತೆಗೆದವು ಎಂದು ವಾರವಾರವೂ ಯಾರೋ ಒಬ್ಬ 'ಓದುಗ' ಬರೆಯುತ್ತಿದ್ದ. ಆ ಓದುಗ ಯಾರೆಂದು ಕರಡು ತಿದ್ದುವ ವಾಲ್ದೆಮಾರ್‌ಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ಪತ್ರದ ಮೇಲೂ ಮೊರ್ಗಾದುವಿನ ಎಣ್ಣೆ ಬೆರಳಿನ ಗುರುತಿರುತ್ತಿತ್ತು.

ಈ ವಾರದ ಪತ್ರ ಮಾತ್ರ ಬೇರೆ. 'ನನ್ನ ಮನೆಯಲ್ಲಿ ಆರು ವರ್ಷದಿಂದ ಜರ್ಮನಿಯ ಯಹೂದಿ ಹೆಂಗಸೊಬ್ಬಳು ಸುಖವಾಗಿದ್ದಾಳೆ. ಅಲ್ಲಿ ಯಾರಿಗೂ ಏನೂ ಆಗಿಲ್ಲವೆಂದು ಅವಳೇ ಹೇಳಿದ್ದಾಳೆ.'

ವಾಲ್ದೆಮಾರ್‌ಗೆ ಅದು ಯಾರೆಂದು ತಕ್ಷಣ ತಿಳಿಯಿತು. ಆ ಹೆಂಗಸು ಅವನದೇ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದ, ಅವನು ಮರ್ಯಾದೆಯಿಂದ 'ದೋನಾ' ಎನ್ನುತ್ತಿದ್ದ ಹೆಡ್ವಿಗ್.

"ಇದಕ್ಕೊಂದು ನಿಜವಾದ ಹೆಸರು ಬೇಕು ಕಣಯ್ಯ. ಕೆಳಗೆ ರುಜು ಹಾಕು," ಎಂದ ಮೊರ್ಗಾದು.

"ಅವರು ಹಾಗೆ ಹೇಳೇ ಇಲ್ಲ ಡಾಕ್ಟ್ರೇ."

"ಹೇಳದಿದ್ರೆ ಏನೀಗ? ನಲವತ್ತೈದರಲ್ಲಿ ನೀನು ಸರಿಯಾದ ಚುನಾವಣೆ ಬೇಕು ಅಂತ ಅದ್ಯಾವುದೋ ಪಟ್ಟಿಗೆ ರುಜು ಹಾಕ್ದೆ. ಆ ಪಟ್ಟಿ ಸರ್ಕಾರದ ಕೈಗೆ ಸಿಕ್ತು, ನಿನ್ನ ಕೆಲಸ ಹೋಯ್ತು. ಯಾವ ಪತ್ರಿಕೆಯೋನೂ ನಿನ್ನನ್ನ ಹತ್ತಿರ ಸೇರಿಸ್ಲಿಲ್ಲ, ನಾನು ಸೇರಿಸ್ದೆ. ಆ ಚುನಾವಣೆಯೋರಿಗೊಂದು ರುಜು ಕೊಟ್ಟೆಯಲ್ಲ, ನಮಗೂ ಒಂದು ಕೊಡು. ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ."

ವಾಲ್ದೆಮಾರ್‌ಗೆ ಐವತ್ತಾರು ವರ್ಷ. ಕರಡು ತಿದ್ದುವುದು ಬಿಟ್ಟರೆ ಬೇರೆ ಕಸುಬು ಬಾರದು. ಅಷ್ಟರಲ್ಲಿ ಅವನಿಗೆ ಒಂದು ಉಪಾಯ ಹೊಳೆಯಿತು.

"ಒಂದು ವಾಕ್ಯ ಸೇರಿಸೋಕೆ ಬಿಟ್ರೆ ಹಾಕ್ತೀನಿ," ಎಂದು ಅಲ್ಲೇ ಬರೆದ: 'ಆದರೆ ಫ್ರಾಂಕ್‌ಫರ್ಟಿನಲ್ಲೇ ಉಳಿದ ಅವಳ ತಾಯಿಯನ್ನು ರೈಲಿನಲ್ಲಿ ಪೂರ್ವಕ್ಕೆ ಸಾಗಿಸಿದರು, ಆಮೇಲೆ ಆ ತಾಯಿಯ ಸುದ್ದಿಯೇ ಇಲ್ಲ.'

ಮೊರ್ಗಾದು ಓದಿ ನಕ್ಕ. "ಧಾರಾಳವಾಗಿ ಸೇರಿಸು. ನಿನ್ನ ಕಾಗದ, ನಿನ್ನಿಷ್ಟ."

ವಾಲ್ದೆಮಾರ್ ರುಜು ಹಾಕಿದ. ಒಳಗೊಳಗೇ ಹಿಗ್ಗಿದ ಕೂಡ. ಈ ಒಂದು ವಾಕ್ಯ ಇಡೀ ಪತ್ರವನ್ನು ತಲೆಕೆಳಗು ಮಾಡುತ್ತದೆ, ಓದುವವರೇನು ದಡ್ಡರೇ ಎಂದುಕೊಂಡ. ದಡ್ಡ ಯಾರೆಂಬುದು ಸಂಜೆಯೊಳಗೆ ಗೊತ್ತಾಯಿತು. ಇಪ್ಪತ್ತು ವರ್ಷ ಅಚ್ಚಿಗೆ ಮುಂಚೆ ಸರ್ಕಾರದ ಸೆನ್ಸಾರಿಗೆ ಕರಡು ಕಳಿಸಿ ತರಿಸಿಕೊಂಡವನಿಗೆ ಇಷ್ಟೂ ತಲೆಗೆ ಹೋಗದಿದ್ದುದು ನಾಚಿಕೆಗೇಡು.

ಸೆನ್ಸಾರ್ ಕಚೇರಿಯಿಂದ ಕರಡು ಹಿಂದಿರುಗಿದಾಗ ನೀಲಿ ಪೆನ್ಸಿಲು ಒಂದೇ ವಾಕ್ಯದ ಮೇಲೆ ಓಡಿತ್ತು. ತಾಯಿ ಇರಲಿಲ್ಲ, ರೈಲು ಇರಲಿಲ್ಲ. ಮಿಕ್ಕ ಸುಳ್ಳಿಗೆಲ್ಲ ಒಪ್ಪಿಗೆಯ ಮೊಹರು ಬಿದ್ದಿತ್ತು. ಕೆಳಗೆ ವಾಲ್ದೆಮಾರ್ ಪೆಸ್ತಾನ ಎಂಬ ಹೆಸರು ದಪ್ಪಕ್ಷರದಲ್ಲಿ ಹಾಗೇ ಇತ್ತು.

"ನನ್ನ ಹೆಸರು ತೆಗೆದುಬಿಡಿ ಡಾಕ್ಟ್ರೇ."

"ಮೊಹರು ಬಿದ್ದ ಮೇಲೆ ಒಂದಕ್ಷರ ಅಲ್ಲಾಡಿಸಿದ್ರೂ ಪತ್ರಿಕೆ ಮುಚ್ಚಿಸ್ತಾರೆ. ನಿನಗೆ ನಾನು ಹೇಳ್ಕೊಡ್ಬೇಕಾ? ಕತ್ತರಿಸಿದ್ದು ಸೆನ್ಸಾರಿನೋರು ಕಣಯ್ಯ, ನಾನಲ್ಲ. ನನಗೂ ಬೇಜಾರೇ." ಮೊರ್ಗಾದು ಬೆರಳು ನೆಕ್ಕಿಕೊಂಡ. ಸೆನ್ಸಾರಿನ ಮೇಜರ್ ಪ್ರತಿ ಗುರುವಾರ ಅವನ ಮನೆಯಲ್ಲೇ ಉಣ್ಣುತ್ತಿದ್ದ.

ಕತ್ತರಿಸಿದ ಜಾಗ ಖಾಲಿ ಬಿಡುವಂತಿಲ್ಲ. ಏನೋ ಕತ್ತರಿಸಿದ್ದಾರೆ ಎಂಬುದೂ ಜನಕ್ಕೆ ತಿಳಿಯಬಾರದು. ಸಾಲುಗಳನ್ನು ಹತ್ತಿರ ತಂದು ಆ ಸಂದು ಮುಚ್ಚಿಸುವುದು ಕರಡು ತಿದ್ದುವವನ ಕೆಲಸ. ಜೋಡಿಸಿದ ಅಚ್ಚುಮೊಳೆಗಳನ್ನು ನೆಲಕ್ಕೆ ಚೆಲ್ಲಿಬಿಡಬಹುದಿತ್ತು. ಚೆಲ್ಲಲಿಲ್ಲ. ಮೊಳೆ ಜೋಡಿಸುವವನಿಗೆ ಹೇಳಿ ಹೇಳಿ ನೀಟಾಗಿ ಮುಚ್ಚಿಸಿದ. ಆಮೇಲೆ ನಲ್ಲಿಯ ಕೆಳಗೆ ಎಷ್ಟು ತೊಳೆದರೂ ಅವನಿಗೆ ತನ್ನ ಕೈಯೇ ಹೇಸಿಗೆಯೆನಿಸಿತು.

ಶನಿವಾರ ಪತ್ರಿಕೆಯನ್ನು ಮನೆಗೆ ಒಯ್ಯಲಿಲ್ಲ. ಆದರೆ ಅದು ಬ್ರೆಡ್ ಅಂಗಡಿಯಲ್ಲೇ ಸಿಗುತ್ತಿತ್ತು. ದೋನಾ ಹೆಡ್ವಿಗ್ ಅದನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಅವರು ಒಂದು ವಾಕ್ಯ ತೆಗೆದುಬಿಟ್ರು, ದೋನಾ ಹೆಡ್ವಿಗ್. ಅದೊಂದು ಇದ್ದಿದ್ರೆ ಎಲ್ಲಾ ಸರಿಹೋಗ್ತಿತ್ತು," ಎಂದ ವಾಲ್ದೆಮಾರ್, ಅವರು ಕೇಳುವ ಮೊದಲೇ.

"ಯಾವ ವಾಕ್ಯ?"

ಅವನು ಹೇಳಿದ. ತಾಯಿ, ರೈಲು, ಪೂರ್ವ, ಒಂದಕ್ಷರ ಬಿಡದೆ ಹೇಳಿದ. ಹೇಳಿ ಮುಗಿಸುವಾಗ ಅವನಿಗೆ ಸ್ವಲ್ಪ ಹಗುರವೂ ಆಯಿತು.

ಆಕೆ ಕುರ್ಚಿ ಎಳೆದು ಕೂತರು.

"ಅಮ್ಮನ ವಿಷಯ ಈ ಊರಲ್ಲಿ ನಿಮಗೊಬ್ಬರಿಗೇ ಹೇಳಿದ್ದೆ," ಎಂದರು. "ಅದನ್ನೂ ಅವರ ಕೈಗೆ ಕೊಟ್ರಾ?"

ವಾಲ್ದೆಮಾರ್ ಪತ್ರಿಕೆಗೆ ಕೈ ಚಾಚಿದ.

"ಗಟ್ಟಿಯಾಗಿ ಓದಿ," ಎಂದು ಆಕೆ ಪತ್ರಿಕೆಯನ್ನು ಅವನ ಮುಂದಿಟ್ಟರು. "ನಾನು ಏನು ಹೇಳಿದ್ದೀನಿ ಅಂತ ನನಗೂ ತಿಳೀಲಿ. ನಿಮ್ಮ ಹೆಸರಿನ ತನಕ ಓದಿ."

ಅವನು ಹೆಸರಿನ ತನಕ ಓದಿದ.