ಹೊಸ್ತಿಲಲ್ಲಿ ನಿಂತ ಗಿರಾಕಿ

ಬಿಳಿಚೋಡಿನ ಬೊಮ್ಮಕ್ಕನ ಮನೆಯಲ್ಲಿ ಅವಳ ಸ್ವಸಹಾಯ ಸಂಘದವರು ನೇಯ್ದ ಇಪ್ಪತ್ತು ಕಂಬಳಿ ಮಡಿಸಿಟ್ಟಂತೆಯೇ ಇದ್ದವು. ಮೊಬೈಲಿನಲ್ಲಿ ಜಾಹೀರಾತು ಹಾಕಿ ಹತ್ತು ದಿನ. ನೋಡಿದವರು ನಾನೂರು ಮಂದಿ. ಕೊಂಡವರು ಒಬ್ಬರೂ ಇಲ್ಲ.

"ಇನ್ನು ನನ್ ಕೈಲಾಗಲ್ಲ ಕಣವ್ವ," ಎಂದಳು ಬೊಮ್ಮಕ್ಕ, ಜಾಹೀರಾತು ಹಾಕಲು ಕಲಿಸಿದ ಗಂಗೋತ್ರಿಗೆ. "ಸೋಮವಾರ ದಲ್ಲಾಳಿ ಬರ್ತಾನೆ. ಕೇಳಿದ ರೇಟಿಗೆ ಕೊಟ್ಬಿಡ್ತೀನಿ. ಅದರಾಗೆ ಉಣ್ಣೆ ಖರ್ಚೂ ಹುಟ್ಟಲ್ಲ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕೋದೇ."

ಗಂಗೋತ್ರಿ ಫೋನು ತೆಗೆದು ನೋಡಿದಳು. "ಇದೇನಕ್ಕಾ? ಮೊದಲು ಕರಿ ಕಂಬಳಿ ಫೋಟೊ ಇತ್ತು, ಆಮೇಲೆ ಬಿಳೀದು, ಈಗ ಟಗರು! ದಿನಾ ಬದಲಾಯಿಸೀರಲ್ರೀ?"

"ಟಗರು ನೋಡಾಕಾದ್ರೂ ಜನ ಬರ್ಲಿ ಅಂತ."

"ಬಂದ್ರಾ?"

"ಬಂದ್ರು. ಟಗರಿನ ರೇಟು ಕೇಳಿದ್ರು."

ಗಂಗೋತ್ರಿ ನಗು ತಡೆದುಕೊಂಡಳು. "ನಿಮ್ಮ ಶುಕ್ರವಾರದ ಭಜನೆಗೆ ಕೆಂಪಕ್ಕ ಬಂದದ್ದು ನೆನಪೈತಾ?"

ನೆನಪಿತ್ತು. ಹೊಸದಾಗಿ ಊರಿಗೆ ಬಂದ ಕೆಂಪಕ್ಕ ಮೊದಲ ವಾರ ಹೊಸ್ತಿಲಲ್ಲೇ ನಿಂತು ಕೇಳಿ ಹೋಗಿದ್ದಳು. ಮರುವಾರ ಒಳಗೆ ಬಂದು ಕಂಬಕ್ಕೆ ಒರಗಿದಳು. ಮೂರನೆಯ ವಾರ ತುಟಿ ಆಡಿದವು. ನಾಲ್ಕನೆಯ ವಾರ ಅವಳು ದನಿಯೆತ್ತಿದಾಗ ಎಲ್ಲರೂ ತಿರುಗಿ ನೋಡಿದ್ದರು.

"ಅವಳಿಗಾಗಿ ವಾರಕ್ಕೊಂದು ಪಲ್ಲವಿ ಬದಲಾಯಿಸಿದ್ರಾ?"

"ಹಂಗೆ ಮಾಡಿದ್ರೆ ಅವಳು ಸೊಲ್ಲು ಹಿಡಿಯೋದು ಹೆಂಗೆ?"

"ಅದನ್ನೇ ಹೇಳೋದು. ಈ ನಾನೂರು ಮಂದಿನೂ ಹೊಸ್ತಿಲಾಗೆ ನಿಂತಾರೆ. ನಿಮ್ಮ ಮುಖ ಕಂಡಿಲ್ಲ, ಕಂಬಳಿ ಮುಟ್ಟಿಲ್ಲ. ನೋಡ್ತಾರೆ, ಮರೀತಾರೆ, ಮತ್ತೆ ನೋಡ್ತಾರೆ. ನಂಬಿಕೆ ಬರಾಕೆ ಟೈಮ್ ಬೇಕಕ್ಕಾ."

ಅಂದೇ ಮೊದಲ ಫೋಟೊ ಮರಳಿ ಬಂತು. ದಲ್ಲಾಳಿಗೆ "ಮುಂದಿನ ತಿಂಗಳು ಬಾರಪ್ಪ" ಎಂದಳು ಬೊಮ್ಮಕ್ಕ.

ಮತ್ತೆ ಒಂಬತ್ತು ದಿನ ಕಳೆದ ಮೇಲೆ ಚನ್ನಗಿರಿ ಕಡೆಯ ನಲ್ಲೂರಿನಿಂದ ಫೋನು. "ನಾನು ವನಜಾಕ್ಷಿ ರೀ. ನಿಮ್ಮ ಕರಿ ಕಂಬಳಿ ಮೊದಲ ದಿನಾನೇ ನೋಡಿ ನಮ್ಮತ್ತೆಗೂ ತೋರಿಸಿದ್ದೆ. ನಡುವೆ ಟಗರು ಬಂತಲ್ಲ, ಕಂಬಳಿ ಮಾರೋದು ಬಿಟ್ರೇನೋ ಅಂದ್ಕೊಂಡೆ. ಇನ್ನೂ ಐತೇನ್ರೀ? ಎರಡು ಬೇಕಿತ್ತು."

"ಐತವ್ವ, ಐತೆ!" ಬೊಮ್ಮಕ್ಕ ಮಗ್ಗದ ಪಕ್ಕವೇ ಕೂತುಬಿಟ್ಟಳು. ಕೂತಲ್ಲೇ ಕೈ ಚಾಚಿ ಎರಡು ಕರಿ ಕಂಬಳಿ ಬೇರೆ ಎತ್ತಿಟ್ಟಳು.

ಆಮೇಲೆ ಒಬ್ಬೊಬ್ಬರಾಗಿ ಇನ್ನಷ್ಟು ಜನ ಫೋನು ಮಾಡಿ ಕೊಂಡರು. ಮುಂದಿನ ತಿಂಗಳು ದಲ್ಲಾಳಿ ಬಂದಾಗ ಉಳಿದದ್ದು ಮೂರೇ ಕಂಬಳಿ. "ಕೂತ್ಕೊಳಪ್ಪ," ಎಂದು ಮಜ್ಜಿಗೆ ಕೊಟ್ಟಳು ಬೊಮ್ಮಕ್ಕ. "ಈ ಸಲ ರೇಟು ನಾನು ಹೇಳ್ತೀನಿ."

ಜಾಹೀರಾತು ಹಾಕುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅದಕ್ಕೆ ಎಷ್ಟು ಖರ್ಚು ಮಾಡಬಲ್ಲಿರಿ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅದೇ ಫೋಟೊ, ಅದೇ ನಂಬರು ಕೆಲವು ವಾರ ನಿಲ್ಲಲಿ. ಕೇಳಿದವರಿಗೆ ಬೇಸರಿಸದೆ ನಿಜ ಹೇಳಿ. ಹೊಸ್ತಿಲಲ್ಲಿ ಯಾರೋ ನಿಂತು ಕೇಳುತ್ತಿದ್ದಾರೆ. ಹಾಡು ನಿಲ್ಲಿಸಬೇಡಿ.