ಮೂರನೆಯ ಅಕ್ಷರ

"ಬರೀಬೇಡಿ ಮೇಷ್ಟ್ರೇ, ನಿಲ್ಲಿಸಿ. ಅವರು ಸತ್ತಿಲ್ಲ," ಎನ್ನುತ್ತ ಯಿಂಗ್‌ಮೇ ಒಳಗೆ ಬಂದಾಗ ತಾಂಗ್ ಮೇಷ್ಟ್ರು ಬಿಳಿ ಬಟ್ಟೆಯ ಮೇಲೆ ಎರಡು ಅಕ್ಷರ ಬರೆದು ಮುಗಿಸಿದ್ದರು. ಕುಂಚ ಕೆಳಗಿಟ್ಟರು.

ಅವಳ ಗಂಡ ಹೈಲಿನ್ ಮೀನಿಗೆಂದು ಹೋದ ದೋಣಿ ಕಾಣೆಯಾಗಿ ಹನ್ನೊಂದು ತಿಂಗಳು. ಹೆಣ ಸಿಕ್ಕಿರಲಿಲ್ಲ. ದ್ವೀಪದಲ್ಲಿ ಅಂಥವರಿಗೆ ಹುಲ್ಲಿನ ಗೊಂಬೆ ಕಟ್ಟಿ, ಅವರದೇ ಅಂಗಿ ತೊಡಿಸಿ, ಕಡಲಿಗೆ ಮುಖಮಾಡಿ ನಿಂತು ಹೆಸರು ಹಿಡಿದು ಕೂಗುತ್ತಾರೆ. ಜೀವ ಗೊಂಬೆಗೆ ಬಂತೆಂದು ಮಣ್ಣು ಮಾಡುತ್ತಾರೆ. ಮಾಡದಿದ್ದರೆ ಸತ್ತವರು ನೀರಲ್ಲಿ ಹಸಿದು ಅಲೆಯುತ್ತಾರಂತೆ. ಅತ್ತೆ ಫಾಂಗಜ್ಜಿ ಯಾರನ್ನೂ ಕೇಳದೆ ನಾಳೆಗೆ ಎಲ್ಲ ಗೊತ್ತುಮಾಡಿ, ಗೊಂಬೆಯ ಮೇಲೆ ತೂಗುಹಾಕುವ ಬಟ್ಟೆ ಬರೆಯಲು ಮೇಷ್ಟ್ರಿಗೆ ಹೇಳಿದ್ದಳು.

"ಏನರ್ಥ ಇದಕ್ಕೆ?"

"ನಾಲ್ಕಕ್ಷರದ ಹಳೇ ಮಾತಮ್ಮ. ದನಿ, ಮುಖ, ಹಾಗೆ, ಇದೆ. ದನಿ ಮುಖ ಇನ್ನೂ ಇಲ್ಲೇ ಇದ್ದ ಹಾಗಿದೆ, ಅಂತ."

"ನಿಜಾನೇ ತಾನೆ! ಬೆಳಿಗ್ಗೆ ಗಂಜಿ ಬಡಿಸ್ತಿದ್ದೆ, ಹಿಂದೆ ಕೆಮ್ಮಿದರು. ಅವರದೇ ಕೆಮ್ಮು."

"ಅರ್ಥ ಹಾಗಿದ್ರೂ ಬಳಸೋದು ಸತ್ತವರಿಗೇ. ನನ್ನ ಶಿಷ್ಯ ಒಬ್ಬ ಮಹಾಜಾಣ, ಹೆಡ್‌ಮೇಷ್ಟ್ರ ನಿವೃತ್ತಿ ದಿನ ಇದನ್ನೇ ಬರೆದು ತೂಗುಹಾಕಿದ್ದ. ಆ ಮುದುಕಪ್ಪ ಎದೆಗೆ ಕೆಂಪು ಹೂ ಸಿಕ್ಕಿಸ್ಕೊಂಡು ಅದರ ಕೆಳಗೇ ಕೂತಿದ್ದ! ಊರೆಲ್ಲ ಬಿದ್ದು ಬಿದ್ದು ನಕ್ತು. ಮುದುಕಪ್ಪನ ಹೆಂಡತಿ ಮಾತ್ರ ನಗಲಿಲ್ಲ."

ಯಿಂಗ್‌ಮೇಯೂ ನಗಲಿಲ್ಲ. "ನಾಳೆ ಹುಲ್ಲನ್ನ ಗಂಡ ಅಂತ ಹೂಳ್ತೀನಿ. ನಾಡಿದ್ದು ಅವರೇ ಬಂದು ಬಾಗಿಲು ತಟ್ಟಿದರೆ? ದೆವ್ವ ಅಂತ ತೆಗೀದೇ ಇರ್ಲಾ?"

ಅಷ್ಟರಲ್ಲಿ ಮಗನ ನೀಲಿ ಅಂಗಿಯನ್ನು ಕಂಕುಳಲ್ಲಿ ಇರುಕಿಕೊಂಡು ಫಾಂಗಜ್ಜಿ ಬಂದಳು.

"ಇಲ್ಲೂ ಬಂದು ಅಡ್ಡಗಾಲು ಹಾಕ್ತಿದ್ದೀಯೇನೇ? ನನ್ನ ಮಗ ಹಸ್ಕೊಂಡಿದ್ದಾನೆ ಕಣೇ! ಬರೀರಿ ಮೇಷ್ಟ್ರೇ, ಹೆತ್ತವಳು ನಾನು ಹೇಳ್ತಿದ್ದೀನಿ."

ಯಿಂಗ್‌ಮೇ ಬಟ್ಟೆಯ ಮೇಲೆ ಅಂಗೈ ಊರಿ ನಿಂತಳು. ಇಬ್ಬರ ನಡುವೆ ಮೇಷ್ಟ್ರು ಏನು ಮಾಡಿಯಾರು, ಸುಮ್ಮನೆ ಮಸಿ ತೇಯ್ದರು.

"ಎಷ್ಟಾಗಿದೆ?" ಅಜ್ಜಿಗೆ ಓದು ಬರುತ್ತಿರಲಿಲ್ಲ.

"ದನಿ, ಮುಖ ಆಗಿದೆ. ಇನ್ನು 'ಹಾಗೆ', ಆಮೇಲೆ 'ಇದೆ'. ಇದ್ದ ಹಾಗಿದೆ ಅಂತಾಗುತ್ತೆ."

ಅಜ್ಜಿ ಖಾಲಿ ಜಾಗವನ್ನೇ ನೋಡಿದಳು.

"ಆ 'ಹಾಗೆ' ಅನ್ನೋದೊಂದನ್ನ ಬಿಟ್ಟು, ಬರೀ 'ಇದೆ' ಅಂತ ಬರೆಯೋಕಾಗಲ್ವಾ?"

ಬಟ್ಟೆಯ ಮೇಲೆ ಊರಿದ್ದ ತನ್ನ ಕೈಯನ್ನು ಯಿಂಗ್‌ಮೇ ಮೆಲ್ಲಗೆ ತೆಗೆದಳು. ಅತ್ತೆಯ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ನಾಲ್ಕೂ ಬರೀರಿ, ಮೇಷ್ಟ್ರೇ," ಎಂದಳು ಸೊಸೆ.

ಮೂರನೆಯ ಅಕ್ಷರ ಮುಗಿಯುವವರೆಗೆ ಇಬ್ಬರೂ ಕಿಟಕಿಯಾಚೆ ಕಡಲನ್ನು ನೋಡುತ್ತಿದ್ದರು.